ಅಕ್ಷರ ಮಿತಿಯೊಳಗೆ ಕನ್ನಡ ಬರೆಯುವುದು ಹೇಗೆ? ಎಣಿಕೆಯಿಂದ ಕತ್ತರಿಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಆನ್‌ಲೈನ್‌ನಲ್ಲಿ ಎಲ್ಲೇ ಬರೆದರೂ ಒಂದು ಮಿತಿ ಇರುತ್ತದೆ. ಪೋಸ್ಟಿಗೆ ಇಷ್ಟು, ಶೀರ್ಷಿಕೆಗೆ ಇಷ್ಟು, ಅರ್ಜಿಯ ಆ ಪುಟ್ಟ ಬಾಕ್ಸಿಗೆ ಇಷ್ಟು. ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಎರಡು ತೊಂದರೆಗಳಿವೆ. ಮೊದಲನೆಯದು, ಕಣ್ಣಿಗೆ ಕಾಣುವ ಅಕ್ಷರಗಳ ಲೆಕ್ಕಕ್ಕೂ ಯಂತ್ರದ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಮಿತಿ ಮೀರಿದಾಗ ಕತ್ತರಿ ಬೀಳುವುದೂ ಕೊನೆಗೇ. ಹಾಗಾಗಿ ‘ಹೌದೋ ಅಲ್ಲವೋ’ ಅನ್ನುವ ಭಾಗವೇ ಮೊದಲು ಹಾರಿಹೋಗುತ್ತದೆ.

ಈ ಎರಡನ್ನೂ ಹಂತ ಹಂತವಾಗಿ ನೋಡೋಣ.

ಹಂತ 1: ಯಂತ್ರ ಏನನ್ನು ಎಣಿಸುತ್ತದೆ ಅಂತ ತಿಳಿದುಕೊಳ್ಳಿ

‘ಕನ್ನಡ’ ಪದದಲ್ಲಿ ಎಷ್ಟು ಅಕ್ಷರ? ಮೂರು ಅಂತ ಮಕ್ಕಳೂ ಹೇಳುತ್ತಾರೆ. ಯೂನಿಕೋಡ್ (ಎಲ್ಲ ಲಿಪಿಗಳಿಗೂ ಕಂಪ್ಯೂಟರ್‌ಗಳು ಬಳಸುವ ಸಂಕೇತ ಪದ್ಧತಿ) ಪ್ರಕಾರ ಅದರಲ್ಲಿ 5 ಕ್ಯಾರೆಕ್ಟರ್‌ಗಳಿವೆ: ಕ, ನ, ಹಲಂತ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ), ನ, ಡ. ಒತ್ತಕ್ಷರ ಬರೆದಾಗಲೆಲ್ಲ ನಡುವೆ ಹಲಂತ ಕೂತಿರುತ್ತದೆ. ನಮಗೆ ಕಾಣದಿದ್ದರೂ ಲೆಕ್ಕಕ್ಕೆ ಬರುತ್ತದೆ. ಗುಣಿತದ ಚಿಹ್ನೆಗಳೂ ಅಷ್ಟೆ, ಒಂದೊಂದಕ್ಕೂ ಬೇರೆ ಲೆಕ್ಕ. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಯಂತ್ರಕ್ಕೆ 6 ಕ್ಯಾರೆಕ್ಟರ್.

ಎಣಿಸುವ ರೀತಿಯೂ ಎಲ್ಲೆಡೆ ಒಂದೇ ಅಲ್ಲ. ‘ಕನ್ನಡ’ವನ್ನೇ ಇಟ್ಟುಕೊಂಡು ನೋಡಿ:

- ನಾವು ಓದುವ ಅಕ್ಷರ: 3
- ಗ್ರಾಫೀಮ್ ಲೆಕ್ಕ (ಸ್ವರಚಿಹ್ನೆ, ಹಲಂತಗಳನ್ನು ಹಿಂದಿನ ವ್ಯಂಜನದ ಜೊತೆ ಸೇರಿಸಿ ಎಣಿಸುವುದು): ಸಾಮಾನ್ಯವಾಗಿ 4
- ಯೂನಿಕೋಡ್ ಕ್ಯಾರೆಕ್ಟರ್: 5
- ಯುಟಿಎಫ್-8 ಬೈಟ್ (ಪಠ್ಯವನ್ನು ಉಳಿಸಲು ಕಂಪ್ಯೂಟರ್‌ಗೆ ಬೇಕಾಗುವ ಜಾಗ): 15
- ಯುಆರ್‌ಎಲ್ (ವೆಬ್ ಪುಟದ ಕೊಂಡಿ) ಒಳಗೆ ಸಂಕೇತವಾಗಿ ಬದಲಾದಾಗ: 45

ಕೊನೆಯದನ್ನು ನೋಡಿ ಗಾಬರಿಯಾಗಬೇಡಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕ್ಯಾರೆಕ್ಟರಿಗೂ 3 ಬೈಟ್ ಬೇಕು. ಕೊಂಡಿಯಲ್ಲಿ ಒಂದೊಂದು ಬೈಟ್ ಶೇಕಡಾ ಚಿಹ್ನೆ ಸೇರಿ 3 ಕ್ಯಾರೆಕ್ಟರ್ ಆಗುತ್ತದೆ. ಹೀಗೆ ಒಂದು ಕನ್ನಡ ಕ್ಯಾರೆಕ್ಟರಿಗೆ ಒಟ್ಟು 9. ಕನ್ನಡ ಶೀರ್ಷಿಕೆಯಿರುವ ಪುಟದ ಕೊಂಡಿಯನ್ನು ಕಾಪಿ ಮಾಡಿದರೆ ಸಾಲುಗಟ್ಟಲೆ ಅರ್ಥವಾಗದ ಚಿಹ್ನೆ ಬರುವುದು ಇದಕ್ಕೇ.

ಎಸ್‌ಎಂಎಸ್‌ನಲ್ಲಿ ಈ ಲೆಕ್ಕ ನೇರವಾಗಿ ಜೇಬಿಗೆ ತಟ್ಟುತ್ತದೆ. ಒಂದು ಎಸ್‌ಎಂಎಸ್ ಅಂದರೆ 140 ಬೈಟ್ (ಒಂದು ಬೈಟ್‌ಗೆ 8 ಬಿಟ್). ಇಂಗ್ಲಿಷ್ ಅಕ್ಷರಗಳನ್ನು ತಲಾ 7 ಬಿಟ್‌ನಲ್ಲಿ ಕಳಿಸುವುದರಿಂದ ಅಷ್ಟರಲ್ಲಿ 160 ಹಿಡಿಸುತ್ತವೆ. 1985ರ ಸುಮಾರಿಗೆ ಜರ್ಮನಿಯ ಇಂಜಿನಿಯರ್ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಟೈಪ್‌ರೈಟರ್‌ನಲ್ಲಿ ಸುಮ್ನೆ ಒಂದಷ್ಟು ವಾಕ್ಯ ಹೊಡೆದು, ಪೋಸ್ಟ್‌ಕಾರ್ಡ್‌ಗಳನ್ನೂ ನೋಡಿ, ಒಂದು ಮಾತು ಹೇಳಲು 160 ಸಾಕು ಅಂತ ತೀರ್ಮಾನಿಸಿದ್ದರು. ಅವರ ಲೆಕ್ಕದಲ್ಲಿ ಒತ್ತಕ್ಷರ ಇರಲಿಲ್ಲ! ಕನ್ನಡದಲ್ಲಿ ಬರೆದರೆ ಎಸ್‌ಎಂಎಸ್ ಯುಟಿಎಫ್-8 ಬಿಟ್ಟು ಬೇರೆ ಸಂಕೇತ ಬಳಸುತ್ತದೆ, ಅದರಲ್ಲಿ ಒಂದೊಂದು ಕ್ಯಾರೆಕ್ಟರಿಗೂ 2 ಬೈಟ್ ಹೋಗುತ್ತದೆ, ಮಿತಿ 70ಕ್ಕೆ ಇಳಿಯುತ್ತದೆ. ಉದ್ದವಾದರೆ ಸಂದೇಶ ತುಂಡಾಗುತ್ತದೆ. ತುಂಡುಗಳನ್ನು ಜೋಡಿಸುವ ಮಾಹಿತಿಗೂ ಜಾಗ ಬೇಕಾದ್ದರಿಂದ ಒಂದೊಂದರಲ್ಲಿ 67 ಮಾತ್ರ ಹಿಡಿಸುತ್ತದೆ. ಇಂಗ್ಲಿಷ್ ಸಂದೇಶದ ನಡುವೆ ಒಂದೇ ಒಂದು ಕನ್ನಡ ಅಕ್ಷರವೋ ಎಮೋಜಿಯೋ ಬಂದರೂ ಇಡೀ ಸಂದೇಶದ ಮಿತಿ 160ರಿಂದ 70ಕ್ಕೆ ಬೀಳುತ್ತದೆ. ವರ್ಡ್‌ನಿಂದ ಕಾಪಿ ಮಾಡಿದಾಗ ಬರುವ ಬಾಗಿದ ಉದ್ಧರಣ ಚಿಹ್ನೆಯೂ ಇದೇ ಕೆಲಸ ಮಾಡುತ್ತದೆ. ಅದು ಕಣ್ಣಿಗೆ ಬೀಳುವುದೇ ಇಲ್ಲ.

ಕಾಣದ ಕ್ಯಾರೆಕ್ಟರ್ ಇನ್ನೊಂದಿದೆ. ‘ಫೇಸ್‌ಬುಕ್’ ಅಂತ ಬರೆಯುವಾಗ ‘ಸ್’ ಕೆಳಗೆ ‘ಬು’ ಒತ್ತಾಗಿ ಇಳಿಯದಂತೆ ನಡುವೆ ಒಂದು ಶೂನ್ಯ ಅಗಲದ ಕ್ಯಾರೆಕ್ಟರ್ ಹಾಕುತ್ತೇವೆ. ಅದೂ ಸೇರಿ ಈ ಪದ 9 ಕ್ಯಾರೆಕ್ಟರ್ ಆಗುತ್ತದೆ. ಹಾಗಂತ ಅದನ್ನು ತೆಗೆಯಬೇಡಿ, ಪದ ವಿಕಾರವಾಗುತ್ತದೆ.

ಪಿಡಿಎಫ್‌ನಿಂದಲೋ ಹಳೆಯ ಕನ್ವರ್ಟರ್‌ನಿಂದಲೋ ಬಂದ ಪಠ್ಯದಲ್ಲಿ ‘ಕೋ’ ಥರದ ಅಕ್ಷರಗಳು ಒಡೆದು ಕೂತಿರುವುದುಂಟು. ಕಣ್ಣಿಗೆ ಅದೇ ‘ಕೋ’, ಆದರೆ 2ರ ಬದಲು 3 ಅಥವಾ 4 ಕ್ಯಾರೆಕ್ಟರ್. ಲೆಕ್ಕ ವಿಚಿತ್ರವಾಗಿ ಜಾಸ್ತಿ ಬಂದರೆ ಆ ಸಾಲನ್ನು ಹೊಸದಾಗಿ ಟೈಪ್ ಮಾಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟ್‌ಗಳಲ್ಲಿರುವ ಬರಹವನ್ನಂತೂ ಮೊದಲು ಯೂನಿಕೋಡ್‌ಗೆ ತಂದು ಆಮೇಲೆ ಎಣಿಸಿ.

ಹಂತ 2: ಎರಡು ಮಿತಿಗಳನ್ನು ಬರೆದಿಟ್ಟುಕೊಳ್ಳಿ

ಪ್ರತಿ ಜಾಗಕ್ಕೂ ಎರಡು ಮಿತಿಗಳಿರುತ್ತವೆ. ಒಂದು, ಇದಕ್ಕಿಂತ ಹೆಚ್ಚು ಬರೆಯಲು ಬಿಡುವುದಿಲ್ಲ ಅನ್ನುವ ಮಿತಿ. ಇನ್ನೊಂದು, ಇಷ್ಟರ ಮೇಲೆ ‘ಇನ್ನಷ್ಟು ಓದಿ’ ಅಂತ ಮಡಚಿಬಿಡುವ ಮಿತಿ. ನನಗೆ ಕೇಳಿದರೆ ಎರಡನೆಯದೇ ನಿಜವಾದದ್ದು.

ಎಕ್ಸ್‌ನಲ್ಲಿ ಸಾಮಾನ್ಯ ಖಾತೆಗೆ 280. ಮೊದಲು ಟ್ವಿಟರ್ ಆಗಿದ್ದಾಗ 140 ಇತ್ತು, ಎಸ್‌ಎಂಎಸ್‌ನ 160ರಲ್ಲಿ ಬಳಕೆದಾರರ ಹೆಸರಿಗೆ 20 ಬಿಟ್ಟು ಉಳಿದದ್ದು ಅದು. 2017ರ ನವೆಂಬರ್‌ನಲ್ಲಿ ದುಪ್ಪಟ್ಟಾಯಿತು. ಕನ್ನಡದ ಒಂದೊಂದು ಯೂನಿಕೋಡ್ ಕ್ಯಾರೆಕ್ಟರಿಗೆ ಇಲ್ಲಿ 1 ಲೆಕ್ಕ, ಎಮೋಜಿಗೆ 2, ಕೊಂಡಿ ಎಷ್ಟೇ ಉದ್ದವಿರಲಿ 23. ಬ್ಲೂಸ್ಕೈನಲ್ಲಿ 300, ಆದರೆ ಗ್ರಾಫೀಮ್ ಲೆಕ್ಕ. ಅಂಕಿಯಲ್ಲಿ 20 ಮಾತ್ರ ಜಾಸ್ತಿ ಅನಿಸಿದರೂ ಗುಣಿತ, ಹಲಂತಗಳಿಗೆ ಬೇರೆ ಲೆಕ್ಕವಿಲ್ಲದ ಕಾರಣ ಕನ್ನಡಕ್ಕೆ ಅಲ್ಲಿ ಧಾರಾಳ ಜಾಗ ಸಿಗುತ್ತದೆ. ಥ್ರೆಡ್ಸ್‌ನಲ್ಲಿ 500, ಮಾಸ್ಟೊಡಾನ್‌ನಲ್ಲೂ ಸಾಮಾನ್ಯವಾಗಿ 500.

ಉಳಿದವನ್ನು ಬೇಗ ಹೇಳುತ್ತೇನೆ. ಇನ್‌ಸ್ಟಾಗ್ರಾಮ್ ಕ್ಯಾಪ್ಶನ್ 2,200, ಬಯೋ 150. ಯೂಟ್ಯೂಬ್ ಶೀರ್ಷಿಕೆ 100, ವಿವರಣೆ 5,000. ಲಿಂಕ್ಡ್‌ಇನ್ ಪೋಸ್ಟ್ 3,000. ಟೆಲಿಗ್ರಾಂ ಸಂದೇಶ 4,096, ಚಿತ್ರದ ಕೆಳಗಿನ ಬರಹ 1,024. ಕಂಪನಿಗಳು ಇವನ್ನು ಆಗಾಗ ಬದಲಿಸುತ್ತವೆ. ಮುಖ್ಯವಾದದ್ದನ್ನು ಹಾಕುವ ಮೊದಲು ಅವರ ಸಹಾಯ ಪುಟದಲ್ಲಿ ಒಮ್ಮೆ ನೋಡಿಕೊಳ್ಳಿ.

ಮಡಚುವ ಮಿತಿಗೆ ಬಂದರೆ, ಇನ್‌ಸ್ಟಾಗ್ರಾಮ್‌ನ 2,200ರಲ್ಲಿ ತೆರೆಯದೆ ಕಾಣುವುದು ಸುಮಾರು 125. ಗೂಗಲ್ ಹುಡುಕಾಟದ ಫಲಿತಾಂಶದಲ್ಲಿ ಶೀರ್ಷಿಕೆಗೆ ಅಕ್ಷರ ಮಿತಿಯೇ ಇಲ್ಲ, ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿಸುತ್ತಾರೆ. ಕನ್ನಡದ ಅಕ್ಷರಗಳು ಇಂಗ್ಲಿಷಿಗಿಂತ ಅಗಲ. ಇಂಗ್ಲಿಷ್ ಲೇಖನಗಳಲ್ಲಿ ಕೊಡುವ ‘60 ಅಕ್ಷರ’ದ ಸಲಹೆಯನ್ನು ಹಾಗೇ ನಂಬಬೇಡಿ. ನಿಮ್ಮ ಶೀರ್ಷಿಕೆಯ ಮೊದಲ ನಾಲ್ಕೈದು ಪದಗಳಷ್ಟೇ ಕಾಣುತ್ತವೆ ಅಂದುಕೊಂಡು ಬರೆಯಿರಿ.

ಹಂತ 3: ಎಣಿಸುವ ಸಾಧನ ಸಿದ್ಧವಿರಲಿ

ಗೂಗಲ್ ಡಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಸಿ ಒಟ್ಟಿಗೆ ಒತ್ತಿದರೆ ಪದಗಳ ಮತ್ತು ಕ್ಯಾರೆಕ್ಟರ್‌ಗಳ ಲೆಕ್ಕ ಬರುತ್ತದೆ. ಬೇಕಾದ ಸಾಲನ್ನು ಮಾತ್ರ ಆಯ್ಕೆ ಮಾಡಿಕೊಂಡು ಒತ್ತಿದರೆ ಅದರದ್ದಷ್ಟೇ ಸಿಗುತ್ತದೆ. ವರ್ಡ್, ಲಿಬ್ರೆಆಫೀಸ್‌ನಲ್ಲೂ ಪದಗಳ ಎಣಿಕೆ ಅನ್ನುವ ಆಯ್ಕೆ ಇದೆ. ‘ಖಾಲಿ ಜಾಗ ಸೇರಿ’ ಅನ್ನುವ ಅಂಕಿಯನ್ನೇ ನೋಡಿ. ಪೋಸ್ಟ್ ಹಾಕುವ ಜಾಗಗಳಲ್ಲಿ ಸ್ಪೇಸ್ ಕೂಡ ಲೆಕ್ಕ.

ಹತ್ತಿಪ್ಪತ್ತು ಶೀರ್ಷಿಕೆಗಳನ್ನೋ ಸಂದೇಶಗಳನ್ನೋ ಒಟ್ಟಿಗೆ ಬರೆಯಬೇಕಾದರೆ ಸ್ಪ್ರೆಡ್‌ಶೀಟ್ ತೆರೆಯಿರಿ. ಒಂದು ಕಾಲಂನಲ್ಲಿ ಪಠ್ಯ, ಪಕ್ಕದಲ್ಲಿ ಉದ್ದ ಎಣಿಸುವ ‘ಲೆನ್’ (LEN) ಸೂತ್ರ. ಟೈಪ್ ಮಾಡುತ್ತಿದ್ದಂತೆ ಲೆಕ್ಕ ಕಾಣುತ್ತದೆ. ನನಗಂತೂ ಇದಕ್ಕಿಂತ ಸುಲಭದ ದಾರಿ ಬೇರೆ ಕಂಡಿಲ್ಲ.

ಎಐ ಚಾಟ್‌ಬಾಟ್‌ಗೆ ‘280 ಕ್ಯಾರೆಕ್ಟರ್ ಒಳಗೆ ಬರೆದುಕೊಡು’ ಅಂದರೆ ಬರೆದುಕೊಡುತ್ತದೆ, ಆದರೆ ಅದರ ಎಣಿಕೆಯನ್ನು ನಂಬಬೇಡಿ. ಅವು ಪಠ್ಯವನ್ನು ಅಕ್ಷರ ಅಕ್ಷರವಾಗಿ ನೋಡುವುದಿಲ್ಲ, ತುಣುಕುಗಳಾಗಿ ನೋಡುತ್ತವೆ. ಎಣಿಸುವ ಕೆಲಸ ನಿಮ್ಮದೇ.

ಹಂತ 4: ಎಣಿಸದೆ ಒಂದು ವಾಕ್ಯ ಬರೆಯಿರಿ

ಕೌಂಟರ್ ನೋಡಿಕೊಂಡೇ ಬರೆಯಲು ಕೂತರೆ ಮೊದಲ ಅರ್ಧ ವಿಸ್ತಾರವಾಗಿರುತ್ತದೆ, ಉಳಿದರ್ಧ ಉಸಿರುಗಟ್ಟಿರುತ್ತದೆ. ಅದರ ಬದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಓದುವವರು ಒಂದೇ ವಾಕ್ಯ ಓದಿ ಮುಂದೆ ಹೋದರೆ ಅವರಿಗೆ ಏನು ಗೊತ್ತಾಗಿರಬೇಕು? ಅದನ್ನು ಮಾತಾಡುವಂತೆ ಬರೆಯಿರಿ. ಉಳಿದದ್ದೆಲ್ಲ ಅದರ ಹಿಂದೆ ಬರಲಿ, ಜಾಗವಿದ್ದರೆ.

ಇಲ್ಲೇ ಕ್ರಿಯಾಪದದ ಸಮಸ್ಯೆ ಎದುರಾಗುತ್ತದೆ. ಈ ಸಾಲು ನೋಡಿ:

‘ಮಳೆಯ ಮುನ್ಸೂಚನೆ ಇರುವ ಕಾರಣ ನಾಳೆ ನಡೆಯಬೇಕಿದ್ದ ಎಲ್ಲ ತರಗತಿಗಳು ನಿಗದಿಯಂತೆ ನಡೆಯು…’

ನಡೆಯುತ್ತವೋ, ನಡೆಯುವುದಿಲ್ಲವೋ? ಫೋನಿನ ನೋಟಿಫಿಕೇಶನ್‌ನಲ್ಲಿ ಕಾಣುವುದು ಇಷ್ಟೇ ಆದರೆ ಅರ್ಧ ಜನ ಒಂದು ಅರ್ಥ ಮಾಡಿಕೊಳ್ಳುತ್ತಾರೆ, ಇನ್ನರ್ಧ ಇನ್ನೊಂದು. ಇಂಗ್ಲಿಷ್‌ನಲ್ಲಿ ‘ಇಲ್ಲ’ ಅನ್ನುವುದು ವಾಕ್ಯದ ನಡುವಿನಲ್ಲೇ ಬಂದು ಹೋಗಿರುತ್ತದೆ. ನಮ್ಮಲ್ಲಿ ಅದು ಕಟ್ಟಕಡೆಯ ಪದ. ಪರಿಹಾರ ಕಷ್ಟದ್ದಲ್ಲ. ಉದ್ದ ವಾಕ್ಯವನ್ನು ಎರಡು ಮಾಡಿ, ತೀರ್ಮಾನವನ್ನು ಮುಂದಿಡಿ:

‘ನಾಳೆ ತರಗತಿ ಇಲ್ಲ. ಮಳೆಯ ಮುನ್ಸೂಚನೆ ಇದೆ.’

ಮೊದಲ ವಾಕ್ಯದ ಕ್ರಿಯಾಪದ ಮಡಚುವ ಜಾಗಕ್ಕಿಂತ ಮುಂಚೆಯೇ ಬರಬೇಕು. ಕನ್ನಡಕ್ಕೆ ಮಿತಿಯ ಬಗ್ಗೆ ಒಂದೇ ನಿಯಮ ಕೊಡಿ ಅಂದರೆ ನಾನು ಇದನ್ನೇ ಕೊಡುತ್ತೇನೆ. ‘ಏಕೆಂದರೆ’, ‘ಕಾರಣ’, ‘ಹಿನ್ನೆಲೆಯಲ್ಲಿ’ ಎಲ್ಲವೂ ಎರಡನೇ ವಾಕ್ಯಕ್ಕೆ.

ಹಂತ 5: ದೊಡ್ಡದನ್ನು ಮೊದಲು ಕತ್ತರಿಸಿ

ಮಿತಿ ಮೀರಿತು ಅಂದ ಕೂಡಲೇ ಜನ ಸ್ಪೇಸ್, ಅಲ್ಪವಿರಾಮ ತೆಗೆಯಲು ಶುರುಮಾಡುತ್ತಾರೆ. ಅದು ಕೊನೆಯ ಕೆಲಸ. ಮೊದಲು ವಿಷಯ, ಆಮೇಲೆ ವಾಕ್ಯ, ಆಮೇಲೆ ಪದ, ಕೊನೆಗೆ ಚಿಹ್ನೆ. ಒಂದು ಪ್ರಕಟಣೆಯನ್ನೇ ತೆಗೆದುಕೊಳ್ಳೋಣ. ಗುರಿ, ಒಂದೇ ಎಸ್‌ಎಂಎಸ್. ಅಂದರೆ 70.

‘ಆತ್ಮೀಯರೇ, ನಮ್ಮ ಓದುಗರ ಬಳಗದ ವತಿಯಿಂದ ಇದೇ ಭಾನುವಾರ ಸಂಜೆ 5 ಗಂಟೆಗೆ ಸರಿಯಾಗಿ ಕಥೆ ಓದುವ ಕಾರ್ಯಕ್ರಮವನ್ನು ಹಮ್ಮಿಕೊಳ್ಳಲಾಗಿದ್ದು, ಆಸಕ್ತಿಯುಳ್ಳವರೆಲ್ಲರೂ ತಪ್ಪದೇ ಭಾಗವಹಿಸಬೇಕೆಂದು ಕೋರುತ್ತೇವೆ.’

ಇದು 165 ಕ್ಯಾರೆಕ್ಟರ್. ಮೂರು ಎಸ್‌ಎಂಎಸ್ ಆಗುತ್ತದೆ. ‘ಆತ್ಮೀಯರೇ’, ‘ಸರಿಯಾಗಿ’, ‘ತಪ್ಪದೇ’ ಇವೆಲ್ಲ ಉಪಚಾರ, ತೆಗೆಯೋಣ. ‘ಹಮ್ಮಿಕೊಳ್ಳಲಾಗಿದ್ದು’ ಬದಲು ‘ಇದೆ’, ‘ಭಾಗವಹಿಸಬೇಕೆಂದು ಕೋರುತ್ತೇವೆ’ ಬದಲು ‘ಬನ್ನಿ’:

‘ನಮ್ಮ ಓದುಗರ ಬಳಗದಿಂದ ಇದೇ ಭಾನುವಾರ ಸಂಜೆ 5 ಗಂಟೆಗೆ ಕಥೆ ಓದುವ ಕಾರ್ಯಕ್ರಮ ಇದೆ. ಆಸಕ್ತರೆಲ್ಲರೂ ಬನ್ನಿ.’

88ಕ್ಕೆ ಇಳಿಯಿತು. ಇನ್ನೂ ಎರಡು ಎಸ್‌ಎಂಎಸ್. ‘ಕಾರ್ಯಕ್ರಮ ಇದೆ’ ಅಂತ ಹೇಳಬೇಕೇ? ದಿನ, ಸಮಯ ಕೊಟ್ಟ ಮೇಲೆ ಅದು ತಾನಾಗಿ ಗೊತ್ತಾಗುತ್ತದೆ. ಆಸಕ್ತಿ ಇಲ್ಲದವರು ಹೇಗೂ ಬರುವುದಿಲ್ಲ:

‘ಭಾನುವಾರ ಸಂಜೆ 5ಕ್ಕೆ ಓದುಗರ ಬಳಗದ ಕಥಾವಾಚನ. ಎಲ್ಲರೂ ಬನ್ನಿ.’

ಈಗ 52. ಇನ್ನೂ 18 ಉಳಿದಿದೆ. ಒಂದು ವಿಷಯ ಗಮನಿಸಿದಿರಾ? 165 ಕ್ಯಾರೆಕ್ಟರ್‌ನ ಮೊದಲ ಪ್ರಕಟಣೆಯಲ್ಲಿ ಎಲ್ಲಿಗೆ ಬರಬೇಕು ಅಂತಲೇ ಇರಲಿಲ್ಲ. ಉಪಚಾರದ ಮಾತು ತುಂಬಿದಾಗ ಹೀಗೇ ಆಗುವುದು. ಉಳಿದ ಜಾಗದಲ್ಲಿ ಸ್ಥಳ ಹಾಕೋಣ. ಯಾವ ಭಾನುವಾರ ಅನ್ನುವ ಗೊಂದಲ ಬೇಡ, ‘ಇದೇ’ ವಾಪಸ್ ಬರಲಿ:

‘ಇದೇ ಭಾನುವಾರ ಸಂಜೆ 5ಕ್ಕೆ ಗ್ರಂಥಾಲಯದಲ್ಲಿ ಓದುಗರ ಬಳಗದ ಕಥಾವಾಚನ. ಎಲ್ಲರೂ ಬನ್ನಿ.’

ಸರಿಯಾಗಿ 70. ಇದೇ ಸಾಲು ಗ್ರಾಫೀಮ್ ಲೆಕ್ಕದಲ್ಲಿ 50, ಯುಟಿಎಫ್-8 ಬೈಟ್‌ಗಳಲ್ಲಿ 186. ಎಲ್ಲಿ ಹಾಕುತ್ತೀರಿ ಅನ್ನುವುದರ ಮೇಲೆ ಒಂದೇ ಬರಹ ಸಣ್ಣದೂ ಹೌದು, ದೊಡ್ಡದೂ ಹೌದು.

ಹಂತ 6: ಪದಗಳಲ್ಲಿ ಉಳಿಸುವ ಕನ್ನಡದ ದಾರಿಗಳು

ಇಂಗ್ಲಿಷ್ ಮಾರ್ಗದರ್ಶಿಗಳ ಕಿವಿಮಾತು ಇಲ್ಲಿ ಜಾಸ್ತಿ ಕೆಲಸಕ್ಕೆ ಬರುವುದಿಲ್ಲ. ನಮ್ಮ ಭಾಷೆಗೆ ಅದರದ್ದೇ ದಾರಿಗಳಿವೆ.

ಕಚೇರಿ ಭಾಷೆಯ ಜೋಡಿ ಕ್ರಿಯಾಪದಗಳೇ ಎಲ್ಲಕ್ಕಿಂತ ಹೆಚ್ಚು ಜಾಗ ತಿನ್ನುವುದು. ‘ಪರಿಶೀಲನೆಯನ್ನು ಮಾಡಲಾಗುತ್ತದೆ’ 26 ಕ್ಯಾರೆಕ್ಟರ್. ‘ಪರಿಶೀಲಿಸುತ್ತೇವೆ’ 15. ‘ನೋಡುತ್ತೇವೆ’ 10. ಕೊನೆಯದರಲ್ಲಿ ಯಾರು ನೋಡುತ್ತಾರೆ ಅನ್ನುವುದೂ ಗೊತ್ತಾಗುತ್ತದೆ. ‘ಲಾಗಿದೆ’, ‘ಲಾಗುವುದು’ ಕಂಡಲ್ಲೆಲ್ಲ ಒಮ್ಮೆ ನಿಂತು ನೋಡಿ.

ಹೀಗೇ ‘ಈ ವಿಷಯಕ್ಕೆ ಸಂಬಂಧಿಸಿದಂತೆ’ (23) ಅನ್ನುವುದು ‘ಈ ಬಗ್ಗೆ’ (7) ಆಗುತ್ತದೆ. ‘ಬಂದಂತಹ ಸಂದರ್ಭದಲ್ಲಿ’ (18) ಅಂದರೆ ‘ಬಂದಾಗ’ (5). ‘ಇದೊಂದು ಒಳ್ಳೆಯ ಪುಸ್ತಕವಾಗಿದೆ’ (26) ಬದಲು ‘ಒಳ್ಳೆಯ ಪುಸ್ತಕ’ (13) ಸಾಕು. ಈ ‘ಆಗಿದೆ’ ಇಲ್ಲದೆಯೂ ಕನ್ನಡ ವಾಕ್ಯ ಪೂರ್ತಿಯಾಗುತ್ತದೆ ಅನ್ನುವುದನ್ನು ನಾವು ಆಗಾಗ ಮರೆಯುತ್ತೇವೆ, ಅಲ್ವಾ?

ಸರ್ವನಾಮ ಬಿಡಬಹುದು. ‘ನಾನು ನಾಳೆ ಬರುತ್ತೇನೆ’ಯಲ್ಲಿ ‘ನಾನು’ ಕ್ರಿಯಾಪದದ ಬಾಲದಲ್ಲೇ ಇದೆ. ಸಂಧಿಯೂ ಜಾಗ ಉಳಿಸುತ್ತದೆ. ‘ಬರುತ್ತೇನೆ ಎಂದು ಹೇಳಿದರು’ 22, ‘ಬರುತ್ತೇನೆಂದರು’ 13. ಆದರೆ ಇದಕ್ಕೊಂದು ಹದ ಬೇಕು. ಮೂರು ನಾಲ್ಕು ಪದ ಹೆಣೆದ ಉದ್ದನೆಯ ಪದ ಫೋನಿನ ಕಿರಿದಾದ ಪರದೆಯಲ್ಲಿ ಸಾಲು ತುಂಬಿ ನಿಲ್ಲುತ್ತದೆ, ಓದುವವರು ತಡವರಿಸುತ್ತಾರೆ.

ಇಂಗ್ಲಿಷ್‌ನಿಂದ ಬಂದ ಪದಗಳು ಕನ್ನಡ ಲಿಪಿಯಲ್ಲಿ ಹಲಂತ, ಒತ್ತುಗಳಿಂದ ಉಬ್ಬಿಕೊಳ್ಳುತ್ತವೆ. ‘ರಿಜಿಸ್ಟ್ರೇಷನ್’ 13, ‘ನೋಂದಣಿ’ 6. ಇಲ್ಲಿ ಕನ್ನಡ ಪದವೂ ಎಲ್ಲರಿಗೂ ಗೊತ್ತು, ಹಾಗಾಗಿ ಯೋಚನೆಯೇ ಬೇಡ. ಆದರೆ ಜನ ಬಳಸದ ಪದವನ್ನು ಚಿಕ್ಕದು ಅನ್ನುವ ಒಂದೇ ಕಾರಣಕ್ಕೆ ತರಬೇಡಿ. ‘ಬಸ್’, ‘ಫೋನ್’ ಆರಾಮಾಗಿ ಇರಲಿ.

‘ಅನ್ನು’ ಪ್ರತ್ಯಯವನ್ನು ವಸ್ತುಗಳ ಜೊತೆ ಬಿಡಬಹುದು: ‘ಪುಸ್ತಕ ಓದಿ’, ‘ಅರ್ಜಿ ತುಂಬಿ’. ವ್ಯಕ್ತಿಗಳ ಜೊತೆ ಬಿಟ್ಟರೆ ಅರ್ಥ ಕೆಡುತ್ತದೆ. ‘ಅಣ್ಣ ತಮ್ಮ ಕರೆದ’ ಅಂದರೆ ಯಾರು ಯಾರನ್ನು ಕರೆದದ್ದು?

ಹಂತ 7: ಇವನ್ನು ಮುಟ್ಟಬೇಡಿ

ದಿನಾಂಕ, ಸಮಯ, ಮೊತ್ತ, ಹೆಸರು. ‘ಇಲ್ಲ’, ‘ಬೇಡ’, ‘ಮಾತ್ರ’, ‘ಹೊರತು’ ಥರದ ಪದಗಳು. ‘ವಿದ್ಯಾರ್ಥಿಗಳಿಗೆ ಮಾತ್ರ ಉಚಿತ’ದಲ್ಲಿ ‘ಮಾತ್ರ’ ಹೋದರೆ ಬಾಗಿಲಲ್ಲಿ ಜಗಳವಾಗುತ್ತದೆ.

ಅಲ್ಪವಿರಾಮದ ನಂತರದ ಸ್ಪೇಸ್ ತೆಗೆದರೆ ಉಳಿಯುವುದು ಒಂದು ಕ್ಯಾರೆಕ್ಟರ್, ಹಾಳಾಗುವುದು ಇಡೀ ಸಾಲಿನ ಅಂದ. ಕೊಂಡಿಯ ಹಿಂದೆ ಮುಂದೆ ಸ್ಪೇಸ್ ಇಲ್ಲದಿದ್ದರೆ ಅದು ಕೊಂಡಿಯಾಗಿ ಕೆಲಸ ಮಾಡದೆಯೂ ಹೋಗಬಹುದು. ಒತ್ತಕ್ಷರ ಬಿಟ್ಟು, ದೀರ್ಘವನ್ನು ಹ್ರಸ್ವ ಮಾಡಿ ಬರೆಯುವ ಅಭ್ಯಾಸವಂತೂ ಬೇಡವೇ ಬೇಡ.

ಹಂತ 8: ಹಿಡಿಸದಿದ್ದರೆ ಭಾಗ ಮಾಡಿ

ಕೆಲವು ವಿಷಯಗಳು 280ರಲ್ಲಿ ಹಿಡಿಸುವುದಿಲ್ಲ. ಅವನ್ನು ಹಿಂಡುವುದಕ್ಕಿಂತ ಎರಡು ಮೂರು ಪೋಸ್ಟ್‌ಗಳ ಸರಣಿ ಮಾಡುವುದು ಮೇಲು. ವಾಕ್ಯದ ನಡುವೆ ಮಾತ್ರ ತುಂಡು ಮಾಡಬೇಡಿ. ಒಂದೊಂದು ಭಾಗವೂ ಒಂಟಿಯಾಗಿ ಅರ್ಥವಾಗಬೇಕು, ಏಕೆಂದರೆ ಜನ ನಡುವಿನದ್ದನ್ನೇ ಹಂಚಿಕೊಳ್ಳುತ್ತಾರೆ. ‘1/3’ ಥರದ ಅಂಕಿಗೆ ಸ್ಪೇಸ್ ಸೇರಿ 4 ಕ್ಯಾರೆಕ್ಟರ್ ಮೊದಲೇ ಬಿಟ್ಟಿರಿ.

ಇಡೀ ಬರಹವನ್ನು ಚಿತ್ರವಾಗಿ ಹಾಕುವುದು ಇನ್ನೊಂದು ದಾರಿ. ನನಗೆ ಅದು ಅಷ್ಟು ಇಷ್ಟವಿಲ್ಲ. ಹುಡುಕಿದರೆ ಸಿಗುವುದು ಕಷ್ಟ, ಕಾಪಿ ಮಾಡಲಾಗದು, ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ) ಬಳಸುವವರಿಗೆ ಓದಲಾಗದು. ಹಾಕಲೇಬೇಕಿದ್ದರೆ ಚಿತ್ರದ ವಿವರಣೆಯ ಜಾಗದಲ್ಲಿ ಮುಖ್ಯ ಮಾತನ್ನಾದರೂ ಬರೆಯಿರಿ.

ಹ್ಯಾಶ್‌ಟ್ಯಾಗ್, ಎಮೋಜಿಗಳನ್ನು ಎಲ್ಲ ಮುಗಿದ ಮೇಲೆ ಸೇರಿಸಿ. ಜಾಗ ಉಳಿದಿದ್ದರೆ ಇರಲಿ, ಇಲ್ಲದಿದ್ದರೆ ಬೇಡ.

ಹಂತ 9: ಕಳಿಸುವ ಮುನ್ನ

ಅರ್ಜಿ, ಫಾರಂಗಳ ವಿಷಯದಲ್ಲಿ ಹೆಚ್ಚು ಹುಷಾರಾಗಿರಬೇಕು. ಪೋಸ್ಟ್ ಹಾಕುವ ಜಾಗದಲ್ಲಿ ಮಿತಿ ಮೀರಿದರೆ ಕೆಂಪು ಬಣ್ಣದಲ್ಲಿ ತೋರಿಸುತ್ತಾರೆ. ಎಷ್ಟೋ ಫಾರಂಗಳು ಅಂಟಿಸಿದ ಪಠ್ಯದ ಕೊನೆಯನ್ನು ಸದ್ದಿಲ್ಲದೆ ಕತ್ತರಿಸಿ ಹಾಕುತ್ತವೆ. ಅಂಟಿಸಿದ ಮೇಲೆ ಕೊನೆಯ ಪದ ಇದೆಯೇ ಅಂತ ಕೆಳಗೆ ಸರಿಸಿ ನೋಡಿ.

‘500 ಕ್ಯಾರೆಕ್ಟರ್’ ಅಂತ ಬರೆದಿರುವ ಫಾರಂ ಒಳಗೊಳಗೆ ಬೈಟ್ ಎಣಿಸುತ್ತಿರಬಹುದು. ಆಗ ಪೂರ್ತಿ ಕನ್ನಡದಲ್ಲಿ ಬರೆದರೆ 166ಕ್ಕೇ ಜಾಗ ಮುಗಿಯುತ್ತದೆ. ನಿಮ್ಮ ಲೆಕ್ಕ ಸರಿಯಿದ್ದೂ ಫಾರಂ ಒಪ್ಪದಿದ್ದರೆ ಮಿತಿಯನ್ನು ಮೂರರಿಂದ ಭಾಗಿಸಿ, ಅಷ್ಟಕ್ಕೆ ಇಳಿಸಿ ಪ್ರಯತ್ನಿಸಿ. ಹೊಸ ಸಾಲು ಮಾಡಲು ಎಂಟರ್ ಒತ್ತಿದ್ದನ್ನು ಬಾಕ್ಸ್ 1 ಅಂತಲೂ, ಅತ್ತ ಸರ್ವರ್ 2 ಅಂತಲೂ ಎಣಿಸುವುದುಂಟು. ಪ್ಯಾರಾಗಳು ಜಾಸ್ತಿ ಇದ್ದರೆ ಹತ್ತಿಪ್ಪತ್ತು ಕ್ಯಾರೆಕ್ಟರ್ ಕಡಿಮೆ ಇರುವಂತೆ ನೋಡಿಕೊಳ್ಳಿ.

ಫಾರಂ ಮಾಡುವವರು ನೀವೇ ಆಗಿದ್ದರೆ ಒಂದು ಮಾತು. ಮಿತಿ ಇಡುವ ಮೊದಲು ಕನ್ನಡದಲ್ಲಿ ಒಂದು ಉದ್ದನೆಯ ಹೆಸರು, ಒಂದು ಪೂರ್ತಿ ವಿಳಾಸ ಟೈಪ್ ಮಾಡಿ ನೋಡಿ. 100 ಬೈಟ್‌ನ ಜಾಗದಲ್ಲಿ ಕನ್ನಡದ 33 ಕ್ಯಾರೆಕ್ಟರ್ ಮಾತ್ರ ಹಿಡಿಸುತ್ತವೆ. ತಂದೆಯ ಹೆಸರು, ಮನೆತನದ ಹೆಸರು ಸೇರಿದರೆ ಅಷ್ಟು ಸಾಲುವುದಿಲ್ಲ.

ಕೊನೆಗೆ, ಕಳಿಸುವ ಪಠ್ಯದ ಒಂದು ಪ್ರತಿಯನ್ನು ಬೇರೆ ಕಡೆ ಉಳಿಸಿಕೊಳ್ಳಿ, ಕತ್ತರಿಸುವ ಮುಂಚಿನ ಉದ್ದದ್ದನ್ನೂ ಸೇರಿಸಿ. ಪುಟ ರಿಫ್ರೆಶ್ ಆಗಿ ಬರೆದದ್ದೆಲ್ಲ ಹೋದರೆ ಮತ್ತೆ ಎಣಿಸಿಕೊಂಡು ಕೂರುವುದು ತಪ್ಪುತ್ತದೆ.